ತಂತಿಯ ಗೂಡು

ಹಕ್ಕಿಗಳ ಮಾತು ತಿಳಿಯುವವನು ಈ ಸೀಮೆಯಲ್ಲಿ ನಾನೊಬ್ಬನೇ, ಆದ್ದರಿಂದ ನಂಬಿ ಕೇಳಿ. ನಮ್ಮೂರಿಗೆ ಕರೆಂಟು ಬಂದ ವರ್ಷ ತುಂಡು ತಂತಿ ಬೇಕಾದಷ್ಟು ಬಿದ್ದಿತ್ತು. ಕಾಗೆ ತನ್ನ ಕಡ್ಡಿಯನ್ನೆಲ್ಲ ಕಿತ್ತೆಸೆದು, ಬರೀ ತಂತಿಯಲ್ಲೇ ಗೂಡು ಕಟ್ಟಿ ಮೊಟ್ಟೆಯಿಟ್ಟಿತು. ಪಕ್ಕದ ಮರದ ಗೀಜಗ ಮಾತ್ರ ಒಂದು ಖಾಲಿ ಅರೆಗೂಡಿಗೆ ಒಂದೇ ಎಳೆ ತಂತಿ ಸುತ್ತಿ, ದಿನಾ ಕೊಕ್ಕಿನಿಂದ ಮುಟ್ಟಿ ನೋಡುತ್ತಿತ್ತು.

“ಏನೋ ತಮ್ಮಾ, ಹೊಸದನ್ನು ಕಂಡರೆ ಅಷ್ಟು ಭಯವೇ? ಲೋಕ ಮುಂದೆ ಹೋಯಿತು, ನೀನಿನ್ನೂ ಹುಲ್ಲು ಹೆಣೆಯುತ್ತಾ ಕೂತಿದ್ದೀಯ” ಎಂದು ಕಾಗೆ ನಕ್ಕಿತು.

“ಗಾಳಿಗೆ ಗಟ್ಟಿ ಅನ್ನುವುದು ಕಂಡೆ ಕಾಗಕ್ಕ. ಬಿಸಿಲಿಗೆ ಏನು ಮಾಡುತ್ತದೋ ನೋಡಬೇಕು.”

ಬಿಸಿಲು ಬಂತು ನೋಡಿ, ಕೆರೆಯ ಮೀನುಗಳೇ ನೆರಳು ಹುಡುಕಿಕೊಂಡು ದಡ ಹತ್ತಿದವು! ತಂತಿ ಕಾದು ಕೆಂಡವಾಯಿತು. ಕಾಗೆಯ ಮೊಟ್ಟೆಗಳು ಗೂಡಿನಲ್ಲೇ ಬೆಂದುಹೋದವು. ಗೀಜಗ ತನ್ನ ಅರೆಗೂಡಿನ ತಂತಿಯನ್ನು ಬಿಚ್ಚಿ, ಹೊಸ ಹುಲ್ಲಿನ ಗೂಡು ಕೊಂಬೆಗೆ ತೂಗುವ ಕಡೆ ಮಾತ್ರ ಅದನ್ನು ಬಿಗಿಯಿತು.

ಕಾಗೆ ಅಳುತ್ತಾ ಕೇಳಿತು: “ಹೀಗಾಗುತ್ತದೆಂದು ನಿನಗೆ ಗೊತ್ತಿತ್ತಲ್ಲ ಪಾಪಿ, ಬಾಯಿಬಿಟ್ಟು ಹೇಳಬಾರದಿತ್ತೇ?”

“ನನಗೂ ಗೊತ್ತಿರಲಿಲ್ಲ ಅಕ್ಕಾ” ಎಂದಿತು ಗೀಜಗ, “ಗೊತ್ತಿಲ್ಲ ಅಂತಲೇ ಖಾಲಿ ಗೂಡಿಗೆ ಸುತ್ತಿದ್ದು.”