ಕೋಟೆಯ ಕೆಳಗಿನ ಹಾಡು

ಒಂದು ಊರಿನ ಗ್ರಂಥಾಲಯದಲ್ಲಿ ಕಂಪ್ಯೂಟರಿನ ಕೋಣೆಯೊಂದಿತ್ತು. ಅಲ್ಲಿನ ಕಂಪ್ಯೂಟರುಗಳು ಯಾರೊಬ್ಬರವೂ ಅಲ್ಲ, ಊರಿನವರೆಲ್ಲರವು. ಅರ್ಜಿ ತುಂಬುವವರು, ಫಲಿತಾಂಶ ನೋಡುವವರು, ಪರೀಕ್ಷೆಗೆ ಓದುವವರು ಸರದಿಯ ಮೇಲೆ ಬಂದು ಕೂರುತ್ತಿದ್ದರು. ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಗ್ರಂಥಪಾಲಕಿ ವಿಶಾಲಾಕ್ಷಿ. ಅವರು ಹಾಕಿದ್ದ ನಿಯಮ ಎರಡೇ. ಇಲ್ಲಿ ಯಾರೂ ಆಟ ಆಡಬಾರದು. ಪೆನ್‌ಡ್ರೈವ್ ತೆಗೆಯುವ ಮುಂಚೆ ಕಂಪ್ಯೂಟರಿಗೆ ಹೇಳಿ ತೆಗೆಯಬೇಕು.

ಎರಡನೆಯ ನಿಯಮ ಹೊಸಬರಿಗೆ ಅರ್ಥವಾಗುತ್ತಿರಲಿಲ್ಲ. ಆಗ ವಿಶಾಲಾಕ್ಷಿ ಪರದೆಯ ಮೂಲೆಯಲ್ಲಿದ್ದ ಪುಟ್ಟ ಗುರುತನ್ನು ಒತ್ತಿ ತೋರಿಸುತ್ತಿದ್ದರು.

“ಯಾರ ಮನೆಗಾದ್ರೂ ಹೋದ್ರೆ ‘ಹೋಗಿ ಬರ್ತೀನಿ’ ಅಂತ ಹೇಳದೆ ಎದ್ದು ಬರ್ತೀರಾ? ಇದೂ ಹಾಗೇನೇ. ಅದರ ಕೈಯಲ್ಲಿ ಏನೋ ಕೆಲಸ ಇರುತ್ತೆ. ಅದು ಮುಗಿಸಿ ಹೂಂ ಅಂದ ಮೇಲೆ ತೆಗೀರಿ.”

ಕೇಳಿದವರು ನಗುತ್ತಿದ್ದರು. ನಕ್ಕರೂ ಹಾಗೇ ಮಾಡುತ್ತಿದ್ದರು.

ಆ ಕೋಣೆಗೆ ಲೋಹಿತ ಎಂಬ ತರುಣ ದಿನಾ ಬರುತ್ತಿದ್ದ. ಡಿಗ್ರಿ ಮುಗಿಸಿದ್ದ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದೇನೆಂದು ಮನೆಯಲ್ಲಿ ಹೇಳಿದ್ದ. ಓದುತ್ತಿದ್ದುದೂ ನಿಜವೇ, ಸುಮ್ಮನೆ ಅವನ ಮೇಲೆ ಯಾಕೆ ಹೇಳಲಿ. ಆದರೆ ಅವನ ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇರುತ್ತಿತ್ತು. ಅದರೊಳಗೆ ಕೋಟೆ ಕಟ್ಟುವ ಆಟವೊಂದಿತ್ತು. ಆ ಆಟವನ್ನು ಕಂಪ್ಯೂಟರಿಗೆ ಇಳಿಸುವುದೇ ಬೇಕಿರಲಿಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಆಟ ಶುರು, ಕಿತ್ತರೆ ಆಟ ಮಾಯ. ಕಟ್ಟಿದ ಗೋಡೆ, ಗೆದ್ದ ಊರು ಎಲ್ಲವೂ ಪೆನ್‌ಡ್ರೈವಿನಲ್ಲೇ ಉಳಿದು ಅವನ ಜೊತೆ ಮನೆಗೆ ಹೋಗುತ್ತಿತ್ತು. ಮಾರನೆಯ ದಿನ ಯಾವ ಕಂಪ್ಯೂಟರಿನ ಮುಂದೆ ಕೂತರೂ ಬಿಟ್ಟಲ್ಲಿಂದ ಮುಂದುವರಿಸಬಹುದಿತ್ತು.

“ನಾನು ಬಂದ ಗುರುತೂ ಇರಲ್ಲ, ಹೋದ ಗುರುತೂ ಇರಲ್ಲ” ಎಂದು ಗೆಳೆಯರ ಮುಂದೆ ಬೀಗುತ್ತಿದ್ದ.

ಒಮ್ಮೆ ಸಿಕ್ಕಿಬಿದ್ದಿದ್ದ. ವಿಶಾಲಾಕ್ಷಿ ಜೋರು ಮಾಡಿರಲಿಲ್ಲ. “ಇನ್ನೊಂದು ಸಲ ಕಂಡರೆ ಈ ಕೋಣೆಗೆ ಬರೋದು ಬೇಡಪ್ಪ. ಹೊರಗೆ ಕಾಯ್ತಾ ಇರೋರು ಇದ್ದಾರೆ” ಎಂದಷ್ಟೇ ಹೇಳಿದ್ದರು. ಅಂದಿನಿಂದ ಲೋಹಿತ ಆಟ ಬಿಡಲಿಲ್ಲ, ಕಿವಿ ಚುರುಕು ಮಾಡಿಕೊಂಡ. ಬಾಗಿಲ ಬಳಿ ಚಪ್ಪಲಿಯ ಸದ್ದಾದರೆ ಸಾಕು, ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಹೋಗಿ ಬರ್ತೀನಿ ಎನ್ನುವಷ್ಟು ಪುರುಸೊತ್ತು ಅವನಿಗೆಲ್ಲಿತ್ತು!

ಗ್ರಂಥಾಲಯದ ಗೇಟಿನ ಎದುರು ಸುಂದ್ರಮ್ಮ ಎಂಬಾಕೆ ಹೂ ಕಟ್ಟಿ ಮಾರುತ್ತಿದ್ದಳು. ಅವಳ ತಾಯಿ ಪುಟ್ಟತಾಯಮ್ಮ ಸುತ್ತಿನ ಊರುಗಳಿಗೆಲ್ಲ ಹಾಡಿನ ಅಜ್ಜಿ. ಯಾರ ಮನೆಯಲ್ಲಿ ಮದುವೆಯಾದರೂ ಹೆಣ್ಣು ಒಪ್ಪಿಸುವ ಹೊತ್ತಿಗೆ ಆಕೆಯನ್ನು ಕರೆಯುತ್ತಿದ್ದರು. ಆ ಹಾಡನ್ನು ಆಕೆಯೇ ಕಟ್ಟಿದ್ದು. ತವರಿನವರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ, ಕೊಟ್ಟಿಗೆಯ ಕರುವನ್ನೂ ಬಿಡದೆ ನೆನೆದು, ಕೊನೆಗೆ ಮಗಳಿಗೆ “ಹೋಗಿ ಬಾ” ಎನ್ನುವಲ್ಲಿ ಹಾಡು ಮುಗಿಯುತ್ತಿತ್ತು. ಆ ಎರಡು ಮಾತು ಕೇಳಿ ಅಳದೆ ಇದ್ದವರು ಕಡಿಮೆ.

ಹಿಂದಿನ ವರ್ಷ ಅಜ್ಜಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಕಿವಿ ಕೇಳುತ್ತದೆ, ಬುದ್ಧಿ ನೆಟ್ಟಗಿದೆ, ನಾಲಿಗೆ ಹೊರಳುವುದಿಲ್ಲ. ಈಗ ಸುಂದ್ರಮ್ಮನ ಮಗಳು ಚೈತ್ರಳಿಗೆ ಮದುವೆ ಗೊತ್ತಾಗಿತ್ತು. ಊರಿನ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಕಳಿಸಿದ ಅಜ್ಜಿಗೆ ಸ್ವಂತ ಮೊಮ್ಮಗಳನ್ನು ಹಾಡಿ ಕಳಿಸಲು ದನಿಯಿರಲಿಲ್ಲ.

ಒಂದು ಮಧ್ಯಾಹ್ನ ಸುಂದ್ರಮ್ಮ ಹಳೆಯ ಫೋನೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು, ದಿನಾ ಗೇಟಿನಲ್ಲಿ ಕಾಣುತ್ತಿದ್ದ ಲೋಹಿತನ ಹತ್ತಿರ ಕೋಣೆಗೇ ಬಂದಳು.

“ತಮ್ಮಾ, ಇದ್ರಲ್ಲಿ ಅವ್ವನ ಪದಗಳವೆ ಕಣಪ್ಪ. ಚೆನ್ನಾಗಿದ್ದಾಗ ಚೈತ್ರ ಹಿಡ್ಕೊಂಡಿದ್ಲು. ಈ ಫೋನು ಇವತ್ತೋ ನಾಳೆಯೋ ಅಂತೈತೆ. ಮದ್ವೇಲಿ ಹೆಣ್ಣೊಪ್ಪಿಸುವಾಗ ಅವ್ವನ ದನಿ ಕೇಳಿಸ್ಬೇಕು. ಮೈಕ್‌ನೋರು ಪೆನ್‌ಡ್ರೈವ್‌ಗೆ ಹಾಕ್ಕೊಡಿ ಅಂದವ್ರೆ. ನಿನ್ ಹತ್ರ ಐತಲ್ಲ?”

“ಅದಕ್ಕೇನಕ್ಕ, ಕೊಡಿ ಮಾಡ್ಕೊಡ್ತೀನಿ” ಎಂದ ಲೋಹಿತ. ಒಳ್ಳೆಯ ಮನಸ್ಸಿನಿಂದಲೇ ಎಂದ.

ಸುಂದ್ರಮ್ಮ ಹೂವಿನ ಬುಟ್ಟಿ ಬಿಟ್ಟು ಬಂದಿದ್ದಳು, ಹಿಂದಕ್ಕೆ ಹೋದಳು. ಲೋಹಿತ ಫೋನನ್ನೂ ಪೆನ್‌ಡ್ರೈವನ್ನೂ ಕಂಪ್ಯೂಟರಿಗೆ ಸೇರಿಸಿದ. ಹಾಡುಗಳು ಒಂದೊಂದಾಗಿ ದಾಟತೊಡಗಿದವು. ಹಳೆಯ ಫೋನು, ಕೆಲಸ ನಿಧಾನ. ಅಷ್ಟು ಹೊತ್ತು ಸುಮ್ಮನೆ ಕೂರುವುದು ಯಾಕೆಂದು ಆಟವನ್ನೂ ತೆರೆದ. ಉತ್ತರದ ಗೋಡೆ ಅರ್ಧ ಆಗಿತ್ತು.

ಗೋಡೆ ಏರುತ್ತಿದ್ದಾಗ ಬಾಗಿಲ ಬಳಿ ಚಪ್ಪಲಿಯ ಸದ್ದು ಕೇಳಿಸಿತು. ಯೋಚಿಸುವ ಮುಂಚೆಯೇ ಲೋಹಿತನ ಕೈ ಹೋಗಿ ಪೆನ್‌ಡ್ರೈವನ್ನು ಕಿತ್ತಿತ್ತು.

ವಿಶಾಲಾಕ್ಷಿ ಒಳಗೆ ಬಂದರು, ಯಾರೂ ಇಲ್ಲದ ಕಡೆ ತಿರುಗುತ್ತಿದ್ದ ಫ್ಯಾನನ್ನು ಆರಿಸಿದರು, ಹೊರಟುಹೋದರು. ಅವರು ಬಂದದ್ದು ಅಷ್ಟಕ್ಕೇ. ಇವನತ್ತ ನೋಡಲೂ ಇಲ್ಲ.

ಮತ್ತೆ ಚುಚ್ಚಿ ನೋಡಬಹುದಿತ್ತು. ಆದರೆ ಅವನ ಸರದಿ ಮುಗಿದಿತ್ತು. ಬಹುತೇಕ ದಾಟಿರಬಹುದು ಎಂದುಕೊಂಡು ಎದ್ದ. ಗೇಟಿನ ಬಳಿ ಸುಂದ್ರಮ್ಮ ಕಾಯುತ್ತಿದ್ದಳು.

“ಆಯ್ತಾ ತಮ್ಮಾ?”

ಹಿಂದೆ ಮೆಟ್ಟಿಲ ಮೇಲೆ ವಿಶಾಲಾಕ್ಷಿ ನಿಂತಿದ್ದರು. ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಲೋಹಿತ ಫೋನನ್ನು ಸುಂದ್ರಮ್ಮನ ಕೈಗಿಟ್ಟು, “ಆಯ್ತಕ್ಕ” ಎಂದ.

“ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ. ಪೆನ್‌ಡ್ರೈವ್ ನಿನ್ ಹತ್ರನೇ ಇರ್ಲಿ. ನಮ್ಮನೇಲಿ ಮದ್ವೆ ಗಲಾಟೆ, ಕಳೆದೋಯ್ತದೆ. ಮೈಕ್‌ನೋರಿಗೆ ನೀನೇ ಕೊಟ್ಬುಡು.”

ಮಾರನೆಯ ದಿನ ಲೋಹಿತ ಪೆನ್‌ಡ್ರೈವ್ ತೆರೆದು ನೋಡಿದ. ಕೋಟೆ ಒಂದು ಕಲ್ಲೂ ಅಲುಗದೆ ನಿಂತಿತ್ತು. ಹಾಡುಗಳ ಹೆಸರುಗಳು ಸಾಲಾಗಿ ಕಾಣುತ್ತಿದ್ದವು, ಆದರೆ ಯಾವುದನ್ನು ಒತ್ತಿದರೂ ತೆರೆಯಲಿಲ್ಲ.

ಫೋನು ಕೇಳಿ ಇಸಿದುಕೊಂಡು ಇನ್ನೊಮ್ಮೆ ಹಾಕಿದರಾಯಿತು ಎಂದು ಅವನು ಗೇಟಿನ ಕಡೆ ಓಡಿದ. ಅವನು ಬಾಯಿ ತೆರೆಯುವ ಮುಂಚೆ ಸುಂದ್ರಮ್ಮ ಹೊಸ ಫೋನು ತೋರಿಸಿದಳು. “ನಿನ್ನೆ ಸಂಜೆನೇ ಹಳೇದನ್ನ ಅಂಗ್ಡೀಗೆ ಹಾಕ್ಬುಟ್ಟೆ ತಮ್ಮಾ. ನೀನು ಆಯ್ತು ಅಂದ ಮ್ಯಾಕೆ ಅದ್ಯಾಕೆ ಇನ್ನ? ಅದ್ನ ಕೊಟ್ಟಿದ್ಕೆ ಇದ್ನ ಕಮ್ಮಿಗೆ ಕೊಟ್ರು.”

ಅಂಗಡಿಯಲ್ಲಿ ವಿಚಾರಿಸಿದ. ಹಳೆಯ ಫೋನುಗಳ ಮೂಟೆ ಬೆಳಿಗ್ಗೆಯೇ ಲಾರಿ ಹತ್ತಿತ್ತು.

ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡ. ನಾಳೆ ಬಂತು, ಹೋಯಿತು. ಸುಂದ್ರಮ್ಮ ದಿನವೂ ಗೇಟಿನ ಬಳಿ “ಓದು ಹೆಂಗೈತೆ ತಮ್ಮಾ?” ಎಂದು ಕೇಳುತ್ತಿದ್ದಳು. ಅವನು ತಲೆ ತಗ್ಗಿಸಿ ಒಳಗೆ ನುಗ್ಗುತ್ತಿದ್ದ. ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಆಗ ಆಟ ತೆರೆಯುತ್ತಿದ್ದ. ಆಡುವಷ್ಟು ಹೊತ್ತು ಹಾಡಿನ ನೆನಪು ಬರುತ್ತಿರಲಿಲ್ಲ. ಉತ್ತರದ ಗೋಡೆ ಮುಗಿಯಿತು, ಬುರುಜುಗಳು ಎದ್ದವು. ಕೊನೆಗೆ ಹೆಬ್ಬಾಗಿಲನ್ನೂ ನಿಲ್ಲಿಸಿದ. ಅಷ್ಟು ಚಂದದ ಹೆಬ್ಬಾಗಿಲನ್ನು ಅವನು ಹಿಂದೆಂದೂ ಕಟ್ಟಿರಲಿಲ್ಲ. ನೋಡಿ ಸಂತೋಷವಾಗಲಿಲ್ಲ.

ಮದುವೆ ಹತ್ತಿರ ಬಂತು. ಸುಂದ್ರಮ್ಮ ಲಗ್ನಪತ್ರಿಕೆಯನ್ನು ಎಲೆ ಅಡಿಕೆಯ ಜೊತೆ ಅವನ ಕೈಗಿಟ್ಟಳು.

“ತಪ್ಪಿಸ್ಬಾರ್ದು ತಮ್ಮಾ. ಅವ್ವಂಗೂ ಹೇಳಿವ್ನಿ, ನಿನ್ನ ಪದ ಹಾಕುಸ್ತೀನಿ ಕಣವ್ವ ಅಂತ. ಆವತ್ತಿಂದ ದಿನ ಎಣಿಸ್ತಾ ಕೂತವ್ಳೆ. ನಮ್ಮವ್ವನ ದನಿ ಈಗಿರೋದು ನಿನ್ ಜೇಬಲ್ಲೇ.”

ಲೋಹಿತ ಒಳಗೆ ಬಂದು ಕೂತ. ಒಂದು ಸುಳ್ಳು ಸಿದ್ಧವಾಗಿತ್ತು. ಪೆನ್‌ಡ್ರೈವ್ ಕೆಟ್ಟುಹೋಯಿತು ಎಂದರೆ ಸಾಕು, ಯಾರೂ ಅನುಮಾನ ಪಡುವುದಿಲ್ಲ. ಕಂಪ್ಯೂಟರಿನಲ್ಲಿ ಆಟದ ಗುರುತಿಲ್ಲ. ಅವನು ಕಿತ್ತದ್ದನ್ನು ಕಂಡವರಿಲ್ಲ. ಗುರುತು ಉಳಿಯುವುದಿಲ್ಲ ಎಂದು ಬೀಗಿದ್ದವನಿಗೆ ಈಗ ಅದೇ ಮಾತು ನುಂಗಲಾರದ ತುತ್ತಾಯಿತು. ಎಲೆ ಅಡಿಕೆ ಅವನ ಅಂಗೈಯಲ್ಲೇ ಇತ್ತು. ಎದ್ದು ವಿಶಾಲಾಕ್ಷಿಯವರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದ.

ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. “ಕಿತ್ತ ಮೇಲೆ ಇದಕ್ಕೆ ಏನಾದ್ರೂ ಹಾಕಿದ್ಯಾ?”

“ಇಲ್ಲ ಮೇಡಂ. ಆಟ ಮಾತ್ರ ಆಡಿದೆ.”

“ಎಷ್ಟು ದಿನ?”

“ದಿನಾ.”

ವಿಶಾಲಾಕ್ಷಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕಿತ್ತ ತಕ್ಷಣ ಹಾಡು ಎಲ್ಲಿಗೂ ಹೋಗಿರಲ್ಲ ಲೋಹಿತ. ಎಲ್ಲಿದೆ ಅನ್ನೋದು ಮಾತ್ರ ಕಂಪ್ಯೂಟರಿಗೆ ಮರೆತುಹೋಗಿರುತ್ತೆ. ಅದಕ್ಕೆ ಆ ಜಾಗ ಖಾಲಿ ಅಂತ ಕಾಣುತ್ತೆ. ಆವತ್ತೇ ಬಂದು ಹೇಳಿದ್ರೆ ರಿಪೇರಿಯವರು ಹುಡುಕಿ ತೆಗೀತಿದ್ರು. ನೀನು ಆಡ್ತಾ ಹೋದೆ, ಅದು ನಿನ್ನ ಕೋಟೇನ ಆ ಜಾಗದಲ್ಲಿ ಬರೀತಾ ಹೋಯ್ತು. ಈಗ ಎಷ್ಟು ಉಳಿದಿದೆಯೋ ನೋಡ್ಬೇಕು.”

ಲೋಹಿತ ಪೆನ್‌ಡ್ರೈವ್ ಎತ್ತಿಕೊಂಡು ಬಾಗಿಲ ಕಡೆ ಹೊರಟ.

“ರಿಪೇರಿ ಅಂಗಡಿಗೆ ಆಮೇಲೆ ಹೋಗೋಣ. ಮೊದಲು ಗೇಟಿನ ಹತ್ರ ಹೋಗು. ಆಯಮ್ಮನಿಗೆ ನಾನು ಹೇಳಲ್ಲ, ನೀನೇ ಹೇಳ್ಬೇಕು.”

ಅವನು ಹೋಗಿ ಹೇಳಿದ. ಹೂ ಕಟ್ಟುತ್ತಿದ್ದ ಸುಂದ್ರಮ್ಮನ ಕೈ ನಿಂತಿತು. ಅವಳು ಬೈಯಲಿಲ್ಲ, ಕೂಗಾಡಲಿಲ್ಲ.

“ಆ ಗಳಿಗೇಲಿ ಹೇಳಿದ್ರೆ ಫೋನು ನನ್ ಕೈಲೇ ಇತ್ತಲ್ಲೋ ತಮ್ಮಾ” ಎಂದಳು. ಮತ್ತೆ ದಾರ ಎತ್ತಿಕೊಂಡಳು. ಗಂಟು ಕೂರುತ್ತಿರಲಿಲ್ಲ.

ರಿಪೇರಿ ಅಂಗಡಿಯವನು ಪೆನ್‌ಡ್ರೈವನ್ನು ಇಟ್ಟುಕೊಂಡು ಮದುವೆಯ ಹಿಂದಿನ ದಿನ ಕರೆದ. ಕೆಲವು ಹಾಡುಗಳು ಪೂರ್ತಿಯಾಗಿ ಸಿಕ್ಕಿದ್ದವು. ಕೆಲವು ಪೂರ್ತಿಯಾಗಿ ಹೋಗಿದ್ದವು. ಹೆಣ್ಣು ಒಪ್ಪಿಸುವ ಹಾಡು ಸಿಕ್ಕಿತ್ತು, ಆದರೆ ಕೊನೆಯ ತುಣುಕು ಇರಲಿಲ್ಲ.

“ಅದರ ಮೇಲೆ ಬೇರೆ ಏನೋ ಕೂತಿದೆ. ತೀರಾ ಈಚಿನದು, ಈ ವಾರದ್ದು” ಎಂದ ಅವನು.

ಈ ವಾರ ತಾನು ಏನು ಕಟ್ಟಿದ್ದೆ ಎಂದು ಲೋಹಿತನಿಗೆ ಯಾರೂ ಹೇಳಬೇಕಿರಲಿಲ್ಲ. ಹೆಬ್ಬಾಗಿಲು.

ಮದುವೆಯಾಯಿತು. ಹೆಣ್ಣು ಒಪ್ಪಿಸುವ ಹೊತ್ತು ಬಂತು. ಪುಟ್ಟತಾಯಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮುಂದೆ ತಂದಿದ್ದರು. ಮೈಕಿನಲ್ಲಿ ಆಕೆಯದೇ ದನಿ ಎದ್ದಿತು. ಗದ್ದಲದ ಛತ್ರ ಸದ್ದಿಲ್ಲದೆ ಕೂತಿತು. ತನ್ನ ದನಿ ಕೇಳಿ ಆಕೆಯ ಕಣ್ಣು ಅರಳಿತು. ತವರಿನವರ ಹೆಸರುಗಳು ಬಂದವು, ಕೊಟ್ಟಿಗೆಯ ಕರು ಬಂತು. ಚೈತ್ರ ಅಜ್ಜಿಯ ಕಾಲ ಬಳಿ ಬಗ್ಗಿದಳು. ಇನ್ನೇನು ಆ ಎರಡು ಮಾತು ಬರಬೇಕು, ಹಾಡು ನಿಂತಿತು.

ಎಲ್ಲರೂ ಕಾದರು. ಮೈಕಿನಿಂದ ಏನೂ ಬರಲಿಲ್ಲ. ಅಜ್ಜಿಯ ತುಟಿ ಅಲುಗಿತು. ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಆ ಮಾತನ್ನು ತಾನೇ ಆಡಲು ಹೆಣಗಿದಳು. ಗಂಟಲಿನಿಂದ ಸದ್ದು ಬಂತು, ಮಾತು ಬರಲಿಲ್ಲ. ಕಡೆಗೆ ಸುಂದ್ರಮ್ಮ ಕಣ್ಣೊರೆಸಿಕೊಂಡು, “ಹೋಗಿ ಬಾ ಮಗಾ” ಎಂದಳು. ಅಜ್ಜಿ ಇನ್ನೂ ತುಟಿ ಆಡಿಸುತ್ತಲೇ ಇದ್ದಳು.

ಹಿಂದೆ ಕಂಬದ ಬಳಿ ನಿಂತಿದ್ದ ಲೋಹಿತ ಇದನ್ನು ನೋಡಿದ. ಎಂದಿನಂತೆ ಯಾರಿಗೂ ಕಾಣದ ಹಾಗೆ ಜಾರಿಕೊಳ್ಳಬಹುದಿತ್ತು. ಜಾರಿಕೊಳ್ಳಲಿಲ್ಲ. ಜನ ಕರಗಿದ ಮೇಲೆ ಅಜ್ಜಿಯ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತ.

“ಅಜ್ಜಿ, ನಿಮ್ಮ ಹಾಡಿನ ಕೊನೆ ಕಳೆದೋನು ನಾನೇ. ಆಮೇಲೆ ಸುಳ್ಳು ಹೇಳಿದೋನೂ ನಾನೇ. ತಪ್ಪಾಯ್ತು.”

ಪುಟ್ಟತಾಯಮ್ಮ ಅವನನ್ನೇ ಬಹಳ ಹೊತ್ತು ನೋಡಿದಳು. ಬೈಯುವುದಕ್ಕೂ ಕ್ಷಮಿಸುವುದಕ್ಕೂ ಆಕೆಯ ಬಳಿ ಮಾತಿರಲಿಲ್ಲ. ಅವನು ಕಾದ. ಆಮೇಲೆ ಎದ್ದು, “ಹೋಗಿ ಬರ್ತೀನಜ್ಜಿ” ಎಂದು ಹೇಳಿ, ಉತ್ತರವಿಲ್ಲದೆ ಹೊರಟುಬಂದ.

ನೀತಿ: ತಪ್ಪು ಎಲ್ಲರಿಂದಲೂ ಆಗುತ್ತದೆ. ಆದ ಗಳಿಗೆಯಲ್ಲೇ ಬಾಯಿಬಿಟ್ಟು ಹೇಳಿದರೆ ಬಹಳಷ್ಟನ್ನು ಉಳಿಸಿಕೊಳ್ಳಬಹುದು. ಮುಚ್ಚಿಟ್ಟ ತಪ್ಪು ಮಾತ್ರ ಇದ್ದಲ್ಲೇ ಇರುವುದಿಲ್ಲ. ನಾವು ತಡಮಾಡಿದ ಒಂದೊಂದು ದಿನವೂ ಅದು ಇನ್ನೊಬ್ಬರದ್ದನ್ನು ಅಳಿಸುತ್ತಾ ಹೋಗುತ್ತದೆ. ಎಲ್ಲರ ವಸ್ತುವನ್ನು ಬಳಸುವಾಗ ನನ್ನ ಗುರುತು ಉಳಿಯಲಿಲ್ಲ ಎಂದು ಸಮಾಧಾನ ಪಡಬೇಡಿ. ಅದು ಯಂತ್ರದಲ್ಲಿ ಉಳಿಯದಿದ್ದರೂ ಯಾರದೋ ಬದುಕಿನಲ್ಲಿ ಉಳಿದಿರುತ್ತದೆ.