ಬೆಳವಡಿ ಸರ್ ಕೋಣೆಯ ಸರ್ವೆ

ನಂಬದಿದ್ದರೆ ಬಿಡ್ರಿ, ನಂಬಿಸುವ ಗರಜು ನನಗೇನೂ ಇಲ್ಲ. ಆದರೆ ಭೂಗೋಳ ವಿಭಾಗದ ಮುಖ್ಯಸ್ಥರನ್ನೇ ಸರ್ವೆ ಮಾಡಿದ ಗಂಡು ನಮ್ಮ ವಿಶ್ವವಿದ್ಯಾಲಯದಲ್ಲಿ ನಾನೊಬ್ಬನೇ.

ಮುಖ್ಯಸ್ಥರಾದ ಬೆಳವಡಿ ಸರ್ ಹೊಳೆದಂಡೆಯ ಅಧ್ಯಯನಕ್ಕೆ ಬಸ್ಸು ಕೊಡಲಿಲ್ಲ. “ಬಿಸಿಲಾಗ ಯಾಕ ಸಾಯ್ತೀರಿ? ವಿಭಾಗದ ಗೇಟು ದಾಟದೆ ಕ್ಷೇತ್ರಕಾರ್ಯ ಮುಗಿಸ್ರಿ. ವರದಿ ಬರಲಿಲ್ಲಂದ್ರ ಎಲ್ಲಾರೂ ಫೇಲು!” ಎಂದರು.

ಗೆಳೆಯರು ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಕೂರುವವನಲ್ಲ. ಮರುದಿನ ಅಳತೆಯ ಟೇಪು, ಕೆಂಪು-ಬಿಳಿ ಕೋಲುಗಳ ಸಮೇತ ಇಡೀ ತರಗತಿಯನ್ನು ಅವರ ಕೋಣೆಗೇ ನುಗ್ಗಿಸಿದೆ.

“ಏನಲೇ ಇದು?”

“ಕ್ಷೇತ್ರಕಾರ್ಯ, ಸರ್. ಗೇಟು ದಾಟಿಲ್ಲ ನೋಡ್ರಿ.”

ಕಡತಗಳ ರಾಶಿಯನ್ನು ಬೆಟ್ಟವೆಂದು ಅಳೆದೆವು. ಸೋರುವ ಎಸಿಯ ನೀರು ಹರಿಯುವ ದಾರಿಯನ್ನು ಹೊಳೆಯೆಂದು ನಕ್ಷೆಗೆ ಇಳಿಸಿದೆವು. ಸರ್ ಕುರ್ಚಿಯ ಎರಡೂ ಬದಿಗೆ ಕೋಲು ನಿಲ್ಲಿಸಿ, ನಾನು ಪ್ರಶ್ನೆ ಶುರು ಮಾಡಿದೆ.

“ಯಜಮಾನ್ರ, ಇಲ್ಲಿ ಎಷ್ಟು ವರ್ಷದಿಂದ ವಾಸ?”

“ನಾನು ನಿಮ್ಮ ಪ್ರೊಫೆಸರ್ ಅದೀನಲೇ!”

“ಸ್ಥಳೀಯರು ಮೊದಮೊದಲು ಸಿಟ್ಟಾಗ್ತಾರ, ತಾಳ್ಮೆಯಿಂದ ಕೇಳ್ರಿ ಅಂತ ನೀವೇ ಪಾಠ ಮಾಡೀರಿ. ಹೇಳ್ರಿ, ಊಟ ಆದಮ್ಯಾಲೆ ಏನು ಕಸುಬು?”

ಸರ್ ನಿದ್ದೆಯ ಗೊರಕೆ ಕಾರಿಡಾರಿಗೆಲ್ಲ ಪರಿಚಯ. ಹುಡುಗಿಯರು ಕಿಸಕ್ಕೆಂದರು. ಅಷ್ಟರಲ್ಲಿ ನಮ್ಮ ತರಗತಿಯ ನೀಲಗಂಗಾ, ಸರ್ ಊಟದ ಡಬ್ಬಿಯ ಮುಚ್ಚಳ ತೆಗೆದಳು.

“ಸ್ಥಳೀಯರ ಆಹಾರ ಪದ್ಧತಿ, ಸರ್. ಉಂಡು ನೋಡಿದ್ರನೇ ವರದಿ ಪೂರ್ತಿ. ವಾರಪೂರ್ತಿ ಇಲ್ಲೇ ನಮ್ಮ ಬಿಡಾರ.”

ಸರ್ ಡಬ್ಬಿಯನ್ನು ಎದೆಗವಚಿಕೊಂಡು ಇನ್ನೊಂದು ಕೈಯಿಂದ ಫೋನು ಎತ್ತಿದರು.

ಕೊನೆಗೆ ನಮಗೆ ಹೊಳೆದಂಡೆಗೆ ಹೋಗಲು ಬಸ್ಸು ಕೊಟ್ಟರು. ಗೆಳೆಯರು ಮರ್ಯಾದೆಗೆ ನನಗೆ ಡ್ರೈವರ್ ಪಕ್ಕದ ಸೀಟು ಬಿಟ್ಟುಕೊಟ್ಟರು.