ಸರಿಹೋದದ್ದನ್ನು ಕೆಡಿಸಿದವಳು

“ಗುರುಗಳೇ, ರೋಗಿ ಎದ್ದು ಕುಳಿತ ಮೇಲೆ, ಎದ್ದದ್ದು ಯಾವ ಮದ್ದಿನಿಂದ ಎಂದು ತಿಳಿಯದಿದ್ದರೆ ನಷ್ಟವೇನು?”

ಕೇಳಿದವನು ರುದ್ರಮುನಿ. ವೈದ್ಯ ಪಂಡಿತರ ಬಳಿ ಮೂರು ವರ್ಷದಿಂದ ಕಲಿಯುತ್ತಿದ್ದ. ಪಂಡಿತರು ಊರಲ್ಲಿಲ್ಲದಾಗ ಜ್ವರದ ರೋಗಿಯೊಬ್ಬನಿಗೆ ತಾನೇ ಐದು ಬಗೆಯ ಮದ್ದು ಕೊಟ್ಟಿದ್ದ. ಜ್ವರ ಇಳಿದಿತ್ತು. ಪಂಡಿತರು ಬಂದವರೇ ಕೇಳಿದ್ದು ಒಂದೇ ಮಾತು, ಐದರಲ್ಲಿ ಯಾವುದು ಎಂದು. ಹೊಗಳಿಕೆಗೆ ಕಾದಿದ್ದ ರುದ್ರಮುನಿಗೆ ಆ ಮಾತು ಚುಚ್ಚಿತ್ತು.

ಪಂಡಿತರು ಕುಟ್ಟಾಣಿ ಬದಿಗಿಟ್ಟು ಕತೆ ಹೇಳಿದರು.

ಒಂದು ಊರಿನಲ್ಲಿ ಕಣ್ಣು ಕಾಣದ ಮಕ್ಕಳಿಗಾಗಿ ಬ್ರೈಲ್ ಪುಸ್ತಕ ಅಚ್ಚು ಹಾಕುವ ಸಣ್ಣ ಮುದ್ರಣಾಲಯವಿತ್ತು. ಅಲ್ಲಿ ಕೆಲಸ ಮಾಡುವವರು ಇಬ್ಬರೇ. ಯಂತ್ರ ನಡೆಸುವವಳು ಕಮಲಾಕ್ಷಿ. ಅಚ್ಚಾದ ಹಾಳೆಯ ಮೇಲೆ ಬೆರಳಾಡಿಸಿ ತಪ್ಪು ಹಿಡಿಯುವವಳು ಇಮಾಂಬಿ. ಇಮಾಂಬಿಗೆ ಹುಟ್ಟಿನಿಂದಲೇ ಕಣ್ಣಿಲ್ಲ.

ಯಂತ್ರ ಹಳೆಯದು, ಆದರೆ ಗಟ್ಟಿ. ಕಾಗದಕ್ಕೆ ಚುಕ್ಕಿ ಒತ್ತುವಾಗ ಅದರ ಟಕಟಕ ಬೀದಿಗೂ ಕೇಳುತ್ತಿತ್ತು. ಅದನ್ನು ನಡೆಸುವ ತಂತ್ರಾಂಶವೂ ಅಷ್ಟೇ ಹಳೆಯದು. ಹೊಸ ಕಂಪ್ಯೂಟರಿನಲ್ಲಿ ಅದು ಏಳುತ್ತಿರಲಿಲ್ಲ. ಅದಕ್ಕಾಗಿ ಹೊಸ ಕಂಪ್ಯೂಟರಿನ ಹೊಟ್ಟೆಯಲ್ಲೇ ಹಳೆಯ ಕಂಪ್ಯೂಟರ್ ಒಂದನ್ನು ನಡೆಸುವ ಏರ್ಪಾಡು ಮಾಡಿದ್ದರು. ಅದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಪರದೆಯ ಮೇಲೆ ಒಂದು ಚೌಕ ತೆರೆದರೆ ಸಾಕು, ಅದರೊಳಗೆ ಹದಿನೈದು ವರ್ಷ ಹಿಂದಿನ ಕಂಪ್ಯೂಟರ್ ಕಣ್ಣು ಬಿಡುತ್ತಿತ್ತು. ಕಮಲಾಕ್ಷಿ ಅದನ್ನು ಒಳಗಿನ ಕಂಪ್ಯೂಟರ್ ಎಂದು ಕರೆಯುತ್ತಿದ್ದಳು.

ಬುಧವಾರ ಸಂಜೆ ಹೊರಗಿನ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಆಯಿತು. ಗುರುವಾರ ಬೆಳಿಗ್ಗೆ ಒಳಗಿನ ಕಂಪ್ಯೂಟರ್ ಏಳಲಿಲ್ಲ. ಚೌಕ ತೆರೆಯಿತು, ಕಪ್ಪಾಯಿತು, ಒಂದು ಸಾಲಿನ ದೂರು ತೋರಿಸಿ ಮುಚ್ಚಿಕೊಂಡಿತು.

ಅದು ಕೆಡಬಾರದ ವಾರ. ಹತ್ತನೆಯ ತರಗತಿಯ ವಿಜ್ಞಾನದ ಎರಡನೆಯ ಭಾಗ ಇಪ್ಪತ್ತನಾಲ್ಕು ಪ್ರತಿ ಅಚ್ಚಾಗಬೇಕಿತ್ತು. ಪರೀಕ್ಷೆಗೆ ಹತ್ತೇ ದಿನ. ಸೋಮವಾರ ಬೆಳಿಗ್ಗೆ ಶಾಲೆಯ ಗಾಡಿ ಬರುತ್ತದೆ. ಒಂದು ಪ್ರತಿಗೆ ಒಂದು ತಾಸು ಹಿಡಿಯುತ್ತದೆ.

ಕಮಲಾಕ್ಷಿ ಅಂಜುವವಳಲ್ಲ. ಸೆರಗು ಸಿಕ್ಕಿಸಿ ಕೂತಳು. ವರ್ಚುವಲ್ ಮಷೀನ್ ತಂತ್ರಾಂಶವನ್ನು ಕಿತ್ತು ಹೊಸದಾಗಿ ಹಾಕಿದಳು. ಒಳಗಿನ ಕಂಪ್ಯೂಟರಿಗೆ ಕೊಟ್ಟಿದ್ದ ಮೆಮೊರಿ ಕಡಿಮೆ ಮಾಡಿದಳು. ವೈರಸ್ ಕಾವಲನ್ನು ನಿಲ್ಲಿಸಿದಳು. ಅಪ್‌ಗ್ರೇಡ್ ಹೊತ್ತು ತಂದಿದ್ದ ಹೊಸ ಭದ್ರತೆಯ ಗುಂಡಿಯೊಂದನ್ನು ಆಫ್ ಮಾಡಿದಳು. ಅದು ನಾಲ್ಕನೆಯದು. ಒಂದೊಂದರ ಬಳಿಕವೂ ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಮತ್ತೆ ಹಚ್ಚಿ ನೋಡಿದಳು. ಏನೂ ಆಗಲಿಲ್ಲ. ಹಿಂದಿನದನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಹೋದಳು. ಶುಕ್ರವಾರ ಹನ್ನೊಂದು ಗಂಟೆಯೊಳಗೆ ಒಂಬತ್ತು ಬದಲಾವಣೆಯಾಗಿತ್ತು. ಅಷ್ಟರಲ್ಲಿ ಕರೆಂಟ್ ಬೇರೆ ಹೋಯಿತು. ಅವರ ಯುಪಿಎಸ್‌ನ ಬ್ಯಾಟರಿ ಸತ್ತು ವರ್ಷವಾಗಿತ್ತು. ಕಮಲಾಕ್ಷಿ ವಿದ್ಯುತ್ ಇಲಾಖೆಗೆ ಬಾಯಿತುಂಬ ಬೈದಳು. ಕಾಲು ತಾಸಿಗೆ ಕರೆಂಟ್ ಬಂತು. ಕೊನೆಗೊಂದು ಕೈ ನೋಡೋಣವೆಂದು ಯಂತ್ರದ ಕೇಬಲ್ ಬದಲಿಸಿದಳು. ಚೌಕ ತೆರೆದಳು.

ಒಳಗಿನ ಕಂಪ್ಯೂಟರ್ ಎದ್ದಿತು!

ಕಮಲಾಕ್ಷಿ ಕೂಗಿದ ಕೂಗಿಗೆ ಎದುರಿನ ದರ್ಜಿ ಹೊಲಿಗೆ ಬಿಟ್ಟು ಬಾಗಿಲಿಗೆ ಬಂದ. ಯಂತ್ರ ಟಕಟಕ ಎಂದಿತು. ಇಮಾಂಬಿ ಮೊದಲ ಹಾಳೆಯನ್ನು ಎರಡೂ ಕೈಯಿಂದ ತೆಗೆದುಕೊಂಡು ಬೆರಳಾಡಿಸಿ ನಕ್ಕಳು. ಇಬ್ಬರೂ ಊಟ ಮರೆತರು.

ಸಂಜೆ ಫೋನ್ ಬಂತು. ದೂರದ ಊರಿನಲ್ಲಿ ಇಂಥದೇ ಮುದ್ರಣಾಲಯ ನಡೆಸುವ ದ್ಯಾಮಣ್ಣ. ಅವನಲ್ಲಿಯೂ ಅದೇ ಯಂತ್ರ, ಅದೇ ಅಪ್‌ಗ್ರೇಡ್, ಅದೇ ದೂರು. ಅವನ ಶಾಲೆಗೆ ಹದಿನೆಂಟು ಪ್ರತಿ ಬೇಕಿತ್ತು. ಕಮಲಾಕ್ಷಿ ಉತ್ಸಾಹದಿಂದ ಕೇಬಲ್ ಸೇರಿ ಹತ್ತೂ ಬದಲಾವಣೆಗಳನ್ನು ಹೇಳಿದಳು. ಅವನು ಬರೆದುಕೊಂಡ.

ಶನಿವಾರ ಬೆಳಿಗ್ಗೆ ಅವನೇ ಮತ್ತೆ ಫೋನ್ ಮಾಡಿದ. “ಮೇಡಂ, ಹತ್ತೂ ಮಾಡಿದೆ. ಹನ್ನೆರಡು ಸಲ ಮಾಡಿದೆ. ಏಳುತ್ತಿಲ್ಲ. ನಿಮ್ಮದು ಈ ಹತ್ತರಲ್ಲಿ ಯಾವುದರಿಂದ ಎದ್ದಿತು? ಅದೊಂದನ್ನು ಹೇಳಿಬಿಡಿ.”

ಕಮಲಾಕ್ಷಿ ತಾನು ಬರೆದಿಟ್ಟಿದ್ದ ಹತ್ತರ ಪಟ್ಟಿಯನ್ನು ನೋಡಿದಳು. ಯಾವುದೆಂದು ತನಗೂ ಗೊತ್ತಿರಲಿಲ್ಲ. ಬೆನ್ನ ಹಿಂದೆ ಯಂತ್ರ ಒಂಬತ್ತನೆಯ ಪ್ರತಿಗೆ ಸಿದ್ಧವಾಗಿ ನಿಂತಿತ್ತು.

“ನೋಡಿ ಹೇಳುತ್ತೇನೆ,” ಎಂದು ಫೋನ್ ಇಟ್ಟಳು.

ಅವನ ಹದಿನೆಂಟು ಪ್ರತಿಯನ್ನು ತಾನೇ ಅಚ್ಚು ಹಾಕಿಕೊಡಲು ಹೊತ್ತಿರಲಿಲ್ಲ. ತನ್ನದೇ ಹದಿನಾರು ಉಳಿದಿದ್ದವು. ತನ್ನದು ಮುಗಿಸಿ ಆಮೇಲೆ ಕಾರಣ ಹುಡುಕಿದರೆ ಅವನ ಸೋಮವಾರ ಕಳೆದುಹೋಗುತ್ತದೆ. ಉಳಿದ ದಾರಿ ಒಂದೇ. ಸರಿಯಾಗಿರುವುದನ್ನು ತಾನೇ ಕೆಡಿಸಿ, ಹೇಗೆ ಸರಿಯಾಗುತ್ತದೆಂದು ನೋಡುವುದು.

“ಇಮಾಂಬಿ ಅಕ್ಕಾ, ಇದನ್ನು ಕೆಡಿಸುತ್ತೇನೆ,” ಎಂದಳು.

“ನಮ್ಮ ಮಕ್ಕಳ ಪುಸ್ತಕ ಇನ್ನೂ ಹದಿನಾರು ಇದೆ, ಕಮಲಾ.”

“ಗೊತ್ತು.”

ಇಮಾಂಬಿ ಕೈಯಲ್ಲಿದ್ದ ಹಾಳೆಯನ್ನು ಬದಿಗಿಟ್ಟಳು. “ಹಾಗಾದರೆ ಬೇಗ ಕೆಡಿಸು,” ಎಂದಳು.

ಹೊರಗಿನ ಕಂಪ್ಯೂಟರನ್ನು ಗುರುವಾರ ಬೆಳಿಗ್ಗೆ ಇದ್ದ ಸ್ಥಿತಿಗೆ ಹಿಂದಕ್ಕೆ ಒಯ್ಯುವ ಅನುಕೂಲ ಅದರಲ್ಲೇ ಇತ್ತು. ಕಮಲಾಕ್ಷಿ ಒಯ್ದಳು. ಹಳೆಯ ಕೇಬಲನ್ನೇ ಮತ್ತೆ ಸಿಕ್ಕಿಸಿದಳು. ಚೌಕ ತೆರೆಯಿತು, ಕಪ್ಪಾಯಿತು, ಅದೇ ದೂರು ತೋರಿಸಿ ಮುಚ್ಚಿಕೊಂಡಿತು.

“ಕೆಟ್ಟಿತು!” ಎಂದು ಚಪ್ಪಾಳೆ ತಟ್ಟಿದಳು. ಎರಡು ದಿನ ಹಿಂದೆ ಅಳು ತರಿಸಿದ್ದ ದೂರು ಈಗ ಹುಡುಕಿಕೊಂಡು ಬಂದ ನೆಂಟನಂತೆ ಕಂಡಿತು.

ಈ ಸಲ ಆತುರಪಡಲಿಲ್ಲ. ಒಂದನ್ನು ಬದಲಿಸಿದಳು. ಶಟ್‌ಡೌನ್ ಮಾಡಿ ಹಚ್ಚಿ ನೋಡಿದಳು. ಆಗದಿದ್ದರೆ ಅದನ್ನು ಮೊದಲಿನಂತೆಯೇ ಮಾಡಿ ಮುಂದಿನದಕ್ಕೆ ಹೋದಳು. ಒಂದು, ಎರಡು, ಮೂರು, ನಾಲ್ಕು. ಪ್ರತಿಸಲವೂ ಇದೇ ಇರಬೇಕು ಎನಿಸುತ್ತಿತ್ತು. ಪ್ರತಿಸಲವೂ ಅದಾಗಿರುತ್ತಿರಲಿಲ್ಲ. ಎಂಟು, ಒಂಬತ್ತು. ಕೊನೆಗೆ ಕೇಬಲ್. ಅದೂ ಅಲ್ಲ. ಆಮೇಲೆ ಹತ್ತನ್ನೂ ಒಟ್ಟಿಗೆ ಮಾಡಿ ನೋಡಿದಳು, ಶುಕ್ರವಾರ ಇದ್ದಂತೆಯೇ. ಆಗಲೂ ಏಳಲಿಲ್ಲ.

ಎರಡು ಗಂಟೆ ಹೊಡೆದಿತ್ತು. ದ್ಯಾಮಣ್ಣನದು ಏಳಲಿಲ್ಲ. ಈಗ ತನ್ನದೂ ಏಳುತ್ತಿಲ್ಲ. ಶುಕ್ರವಾರ ಮಾಡಿದ್ದನ್ನೆಲ್ಲ ಮಾಡಿದ್ದಾಗಿದೆ.

“ಎಲ್ಲ ಮಾಡಿದೆ, ಅಕ್ಕಾ. ಆವತ್ತು ಮಾಡಿದ್ದರಲ್ಲಿ ಒಂದನ್ನೂ ಬಿಟ್ಟಿಲ್ಲ.”

“ನೀನು ಮಾಡಿದ್ದು ಆಯಿತು. ಮಾಡದೇ ಆದದ್ದು?” ಎಂದಳು ಇಮಾಂಬಿ. “ಆವತ್ತು ನೀನು ಕೂಗುವ ಮೊದಲು ಒಂದು ಸಲ ಕೋಣೆಯೆಲ್ಲ ಗಪ್ಪೆಂದಿತ್ತು. ಫ್ಯಾನ್ ನಿಂತಿತ್ತು. ನಿನ್ನ ಕಂಪ್ಯೂಟರಿನ ಗುಂಯ್ ಎನ್ನುವ ಸದ್ದೂ ನಿಂತಿತ್ತು. ಇವತ್ತು ಒಂದು ಸಲವೂ ಆ ಮೌನ ಕೇಳಿಲ್ಲ.”

ಕಮಲಾಕ್ಷಿ ಕುರ್ಚಿಯಿಂದ ಎದ್ದೇಬಿಟ್ಟಳು. ಕರೆಂಟ್! ತಾನು ಬೈದು ಮರೆತದ್ದು. ಲೆಕ್ಕಕ್ಕೇ ಹಿಡಿಯದ್ದು.

ಈಗ ತಲೆ ಓಡಿತು. ಕರೆಂಟ್ ಹೋದರೆ ಏನಾಗುತ್ತದೆ? ಕಂಪ್ಯೂಟರ್ ಪೂರ್ತಿ ಸತ್ತು ಹೊಸದಾಗಿ ಹುಟ್ಟುತ್ತದೆ. ಶಟ್‌ಡೌನ್ ಮಾಡಿದರೂ ಹಾಗೆಯೇ ಅಲ್ಲವೇ? ಅಲ್ಲ. ಹೊಸ ಕಂಪ್ಯೂಟರುಗಳು ಬೇಗ ಏಳಲೆಂದು ಅರ್ಧ ಎಚ್ಚರವನ್ನು ಎತ್ತಿಟ್ಟುಕೊಂಡು ಮಲಗುತ್ತವೆಂದು ಎಲ್ಲೋ ಓದಿದ್ದು ನೆನಪಾಯಿತು. ಮಲಗುವ ಮುಂಚೆ ಇದ್ದದ್ದೇ ಎದ್ದ ಮೇಲೂ ಇರುತ್ತದೆ. ಹಾಗಾದರೆ, ಹೊಸದಾಗಿ ಹುಟ್ಟಿದರಷ್ಟೇ ಜಾರಿಗೆ ಬರುವ ಬದಲಾವಣೆ ಹತ್ತರಲ್ಲಿ ಯಾವುದು? ಪಟ್ಟಿಯ ಮೇಲೆ ಬೆರಳಿಟ್ಟಳು. ನಾಲ್ಕನೆಯದು. ಹೊಸ ಭದ್ರತೆಯ ಗುಂಡಿ. ಮುಂದಿನ ಸಲ ಎದ್ದಾಗ ಜಾರಿಯಾಗುತ್ತದೆ ಎಂದು ಕಂಪ್ಯೂಟರೇ ಬರೆದು ತೋರಿಸಿತ್ತು. ಆ ಭದ್ರತೆಯೂ ಒಳಗಿನ ಕಂಪ್ಯೂಟರೂ ನಿಲ್ಲಲು ಬೇಡುತ್ತಿದ್ದದ್ದು ಒಂದೇ ಜಾಗ. ಮೊದಲು ಬಂದು ಕೂತ ಭದ್ರತೆ ಆ ಜಾಗವನ್ನು ಬಿಟ್ಟುಕೊಟ್ಟಿರಲಿಲ್ಲ.

ಉಳಿದ ಒಂಬತ್ತನ್ನೂ ಮೊದಲಿದ್ದಂತೆ ಮಾಡಿದಳು. ನಾಲ್ಕನೆಯದೊಂದನ್ನು ಮಾತ್ರ ಆಫ್ ಮಾಡಿಟ್ಟಳು. ಕಂಪ್ಯೂಟರ್ ನಡೆಯುತ್ತಿರುವಾಗಲೇ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದಳು. ಹಾಗೆ ಎಂದೂ ಮಾಡಬಾರದೆಂದು ಕೆಲಸ ಕಲಿಸಿದವರು ಹೇಳಿದ್ದರು.

“ಅಕ್ಕಾ, ಆರಿಸಲಾ?”

“ಆರಿಸು!”

ಆರಿಸಿದಳು. ಕೋಣೆ ಗಪ್ಪೆಂದಿತು. ಇಮಾಂಬಿ ತಲೆಯಾಡಿಸಿ, “ಇದೇ, ಇದೇ,” ಎಂದಳು.

ಮತ್ತೆ ಹಚ್ಚಿದಳು. ಚೌಕ ತೆರೆದಳು. ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಆಮೇಲೆ ಅದರ ನಡುವೆ ಒಂದು ಬೆಳಕಿನ ಗೆರೆ ಓಡಿತು. ಒಳಗಿನ ಕಂಪ್ಯೂಟರ್ ಕಣ್ಣು ಬಿಟ್ಟಿತು.

ಈ ಸಲ ಅವಳು ಕೂಗಲಿಲ್ಲ. ಇಮಾಂಬಿಯನ್ನು ತಬ್ಬಿ ಎತ್ತಿಯೇಬಿಟ್ಟಳು. ಹಾಳೆಗಳು ನೆಲಕ್ಕೆ ಬಿದ್ದವು.

ಕಾರಣ ತಿಳಿದ ಮೇಲೆ ಸ್ವಿಚ್ಚನ್ನು ಹಾಗೆ ಆರಿಸಬೇಕಾಗಿಯೂ ಇರಲಿಲ್ಲ. ರೀಸ್ಟಾರ್ಟ್ ಎಂದು ಒತ್ತಿದರೆ ಕಂಪ್ಯೂಟರ್ ತಾನಾಗಿಯೇ ಪೂರ್ತಿ ಸತ್ತು ಹುಟ್ಟುತ್ತದೆ. ಅವಳು ಗುಂಡಿಯನ್ನು ಮತ್ತೊಮ್ಮೆ ಹಚ್ಚಿ ರೀಸ್ಟಾರ್ಟ್ ಮಾಡಿದಳು. ಕೆಟ್ಟಿತು. ಆರಿಸಿ ರೀಸ್ಟಾರ್ಟ್ ಮಾಡಿದಳು. ಎದ್ದಿತು. ಆಮೇಲೆಯೇ ಫೋನ್ ಕೈಗೆತ್ತಿಕೊಂಡಳು.

“ದ್ಯಾಮಣ್ಣ, ಹತ್ತೂ ಬೇಡ. ನಾಲ್ಕನೆಯದೊಂದೇ. ಆಫ್ ಮಾಡಿದ ಮೇಲೆ ಶಟ್‌ಡೌನ್ ಮಾಡಬೇಡಿ, ರೀಸ್ಟಾರ್ಟ್ ಒತ್ತಿ. ಈ ಭದ್ರತೆ ನಮಗೆ ಬೇಕಾದದ್ದೇ. ಪುಸ್ತಕ ಮುಗಿದ ಕೂಡಲೇ ಮತ್ತೆ ಹಚ್ಚಿಬಿಡಿ.”

“ಇಷ್ಟೇನಾ?”

“ಇಷ್ಟೇ. ನಾನು ಫೋನ್ ಇಡುವುದಿಲ್ಲ. ಮಾಡಿ.”

ಇಬ್ಬರು ಹೆಂಗಸರೂ ಫೋನಿಗೆ ಕಿವಿಯಿಟ್ಟು ನಿಂತರು. ಆ ಕಡೆ ಗುಂಡಿ ಒತ್ತಿದ ಸದ್ದು. ಯಾರೋ ಕೆಮ್ಮಿದರು. ಬಹಳ ಹೊತ್ತು ಏನೂ ಇಲ್ಲ. ದ್ಯಾಮಣ್ಣ “ಅಯ್ಯೋ” ಎಂದ. ಆಮೇಲೆ ಫೋನಿನೊಳಗಿಂದ ಟಕಟಕ ಎಂಬ ಸದ್ದು ಎದ್ದಿತು. ಅದರ ಮೇಲೆ ದ್ಯಾಮಣ್ಣ ಏನೇನೋ ಕೂಗುತ್ತಿದ್ದ. ಒಂದು ಮಾತೂ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ.

ಭಾನುವಾರ ಇಡೀ ದಿನ ಎರಡೂ ಊರಿನಲ್ಲಿ ಯಂತ್ರಗಳು ನಿಲ್ಲಲಿಲ್ಲ. ಸೋಮವಾರ ಬೆಳಿಗ್ಗೆ ಇಪ್ಪತ್ತನಾಲ್ಕೂ ಹೋದವು, ಹದಿನೆಂಟೂ ಹೋದವು. ಮುಂದಿನ ವಾರ ಬೇರೆ ಮೂರು ಊರುಗಳಿಂದ ಅದೇ ದೂರು ಹೊತ್ತು ಫೋನ್ ಬಂತು. ಪ್ರತಿಯೊಬ್ಬರಿಗೂ ಕಮಲಾಕ್ಷಿ ಒಂದೇ ಸಾಲಿನಲ್ಲಿ ಉತ್ತರ ಹೇಳಿದಳು.

ಪಂಡಿತರು ಕತೆ ನಿಲ್ಲಿಸಿದರು.

ರುದ್ರಮುನಿ ಇನ್ನೂ ಆ ಕೋಣೆಯಲ್ಲೇ ಇದ್ದವನಂತೆ ಮುಂದಕ್ಕೆ ಬಾಗಿ ಕುಳಿತಿದ್ದ. “ಆದರೆ ಗುರುಗಳೇ, ಅದು ಮತ್ತೆ ಏಳದೇ ಹೋಗಿದ್ದರೆ? ಕೈಯಲ್ಲಿ ಇದ್ದದ್ದನ್ನೂ ಕಳೆದುಕೊಳ್ಳುತ್ತಿದ್ದಳಲ್ಲ!”

“ಹೇಗೆ ಬಂತೆಂದೇ ತಿಳಿಯದ್ದು ಅವಳ ಕೈಯಲ್ಲಿ ಯಾವಾಗ ಇತ್ತು, ರುದ್ರಮುನಿ?” ಎಂದರು ಪಂಡಿತರು.

ರುದ್ರಮುನಿ ಎದ್ದು, ತಾನು ರೋಗಿಗೆ ಕೊಟ್ಟಿದ್ದ ಐದು ಮದ್ದುಗಳನ್ನು ತಂದು ಒಂದೊಂದನ್ನೇ ಬೇರೆಬೇರೆಯಾಗಿ ಇಟ್ಟ.